ಡಗೌಟಿನ ಹಿಮ್ಮೇಳ

2019ರ ಜೂನ್ 4, ಮಂಗಳವಾರ ರಾತ್ರಿ. ಒಕ್ಲಹೋಮ ಸಿಟಿಯ ಹಾಲ್ ಆಫ್ ಫೇಮ್ ಮೈದಾನದಲ್ಲಿ ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಅಂತಿಮ ಸರಣಿಯ ಎರಡನೆಯ ಪಂದ್ಯ. ಹಿಂದಿನ ದಿನ ಒಕ್ಲಹೋಮ ತಂಡವನ್ನು 16-3ರಿಂದ ಸೋಲಿಸಿದ್ದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ ಇನ್ನೊಂದೇ ಗೆಲುವು ಸಾಕಿತ್ತು. ಕೊನೆಯದಾದ ಏಳನೆಯ ಇನಿಂಗ್ಸ್‌ನಲ್ಲಿ ಒಕ್ಲಹೋಮದ ಶೇ ನೈಟನ್ ಚೆಂಡನ್ನು ಬೇಲಿ ದಾಟಿಸಿ ಅಂಕ 4-4 ಮಾಡಿದರು. ಯುಸಿಎಲ್‌ಎ ಸರದಿ ಬಂತು. ಕಿನ್ಸ್‌ಲಿ ವಾಷಿಂಗ್ಟನ್ ಹೊಡೆದರು, ಜಾಕಿ ಪ್ರೋಬರ್ ಓಡಿ ಬಂದು ಹೋಮ್ ಪ್ಲೇಟ್ ಮುಟ್ಟಿದರು. 5-4. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಲೆಕ್ಕದಲ್ಲಿ ಯುಸಿಎಲ್‌ಎಗೆ ಅದು ಹನ್ನೆರಡನೆಯ ಕಿರೀಟ.

ಅದನ್ನು ದಾಖಲೆಯಲ್ಲಿ ಮುಖ್ಯ ಕೋಚ್ ಕೆಲ್ಲಿ ಇನೊಯೆ-ಪೆರೆಜ್ ಅವರ ಎರಡನೆಯ ಪ್ರಶಸ್ತಿ ಎಂದು ಬರೆದುಕೊಳ್ಳಲಾಯಿತು. ಸರಿಯೇ. ಆದರೆ ಆ ರಾತ್ರಿ ಯುಸಿಎಲ್‌ಎ ಡಗೌಟಿನಲ್ಲಿ, ಅಂದರೆ ತಂಡ ಕೂರುವ ಜಾಗದಲ್ಲಿ, ಮೂರು ಒಲಿಂಪಿಕ್ ಚಿನ್ನ ಗೆದ್ದ ಲೀಸಾ ಫರ್ನಾಂಡಿಸ್ ಸಹಾಯಕ ಕೋಚ್ ಆಗಿ ನಿಂತಿದ್ದರು. ಬೇರೊಂದು ವಿಶ್ವವಿದ್ಯಾಲಯದಲ್ಲಿ ಹದಿನೆಂಟು ವರ್ಷ ಮುಖ್ಯ ಕೋಚ್ ಆಗಿದ್ದ ಕರ್ಕ್ ವಾಕರ್ ಕೂಡ ಸಹಾಯಕರಾಗಿಯೇ ಇದ್ದರು. ಎದುರಿನ ಡಗೌಟಿನಲ್ಲಿ, ಫ್ಲಾರಿಡಾದಲ್ಲಿ ಎರಡು ರಾಷ್ಟ್ರೀಯ ಪ್ರಶಸ್ತಿಗಳ ಭಾಗಿಯಾಗಿ ಬಂದಿದ್ದ ಜೆನಿಫರ್ ರೋಚಾ ಒಕ್ಲಹೋಮದ ಪಿಚಿಂಗ್ ಕೋಚ್ ಆಗಿ ತಮ್ಮ ಮೊದಲ ಋತು ಮುಗಿಸುತ್ತಿದ್ದರು. ಕಾಲೇಜು ಸಾಫ್ಟ್‌ಬಾಲ್‌ನ ವೃತ್ತಿಜೀವನಗಳ ಬಗ್ಗೆ ಚಾಲ್ತಿಯಲ್ಲಿರುವ ಅಭಿಪ್ರಾಯ ಎಷ್ಟು ತಪ್ಪು ಎಂದು ತಿಳಿಯಲು ಈ ಮೂವರನ್ನು ನೋಡಿದರೆ ಸಾಕು ಎಂದು ನನ್ನ ನಂಬಿಕೆ.

ಆ ಅಭಿಪ್ರಾಯ ಹೀಗಿದೆ. ಸಹಾಯಕ ಕೋಚ್ ಹುದ್ದೆ ಒಂದು ಮೆಟ್ಟಿಲು. ಆಡಿ ಮುಗಿಸಿದವರು ಅಲ್ಲಿ ಕೆಲವು ವರ್ಷ ಕಲಿಯಬೇಕು, ಆಮೇಲೆ ಚಿಕ್ಕದೊಂದು ಕಾಲೇಜಿನಲ್ಲಿ ಮುಖ್ಯ ಕೋಚ್ ಆಗಬೇಕು, ಅಲ್ಲಿಂದ ದೊಡ್ಡದಕ್ಕೆ ಹೋಗಬೇಕು. ಮೆಟ್ಟಿಲ ಮೇಲೇ ಕೂತವರಿಗೆ ಮಹತ್ವಾಕಾಂಕ್ಷೆ ಕಡಿಮೆ, ಇಲ್ಲವೇ ಸಾಮರ್ಥ್ಯ ಕಡಿಮೆ. ವೀಕ್ಷಕ ವಿವರಣೆಕಾರರು ಹೀಗೆ ಮಾತಾಡುತ್ತಾರೆ, ಹಿತೈಷಿಗಳು ಹೀಗೆ ಮರುಗುತ್ತಾರೆ. ಪ್ರತಿ ಜೂನ್ ತಿಂಗಳಲ್ಲಿ ಎಲ್ಲಿಯಾದರೂ ಮುಖ್ಯ ಕೋಚ್ ಜಾಗ ಖಾಲಿಯಾದಾಗ "ಈ ಸಲವಾದರೂ ಅವರಿಗೆ ಸಿಗುತ್ತದೆಯೇ" ಎಂಬ ಪ್ರಶ್ನೆ ಏಳುತ್ತದೆ.

ಯಕ್ಷಗಾನ ನೋಡಿ ಬೆಳೆದ ನಮಗೆ ಈ ಪ್ರಶ್ನೆ ವಿಚಿತ್ರವಾಗಿ ಕೇಳಿಸಬೇಕು. ಮೂವತ್ತು ವರ್ಷ ಮದ್ದಲೆ ನುಡಿಸಿದವರನ್ನು "ನೀವು ಯಾವಾಗ ಭಾಗವತರಾಗುತ್ತೀರಿ" ಎಂದು ಯಾರೂ ಕೇಳುವುದಿಲ್ಲ. ಆಟ ಆಡಿಸುವವರು ಭಾಗವತರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮದ್ದಲೆಗಾರನ ಕೈ ಬೇರೆಯದೇ ಒಂದು ವಿದ್ಯೆ, ಅದಕ್ಕೆ ಅದರದೇ ಗುರುಪರಂಪರೆ, ಅದರದೇ ಹಿರಿತನ. ಪದ ಹೇಳಲು ಬಾರದ್ದರಿಂದ ಅವನು ಚರ್ಮವಾದ್ಯ ಹಿಡಿದ ಎಂದು ಭಾವಿಸುವವರು ಬಯಲಾಟವನ್ನು ನೋಡಿಯೇ ಇಲ್ಲ ಎನ್ನಬೇಕು.

ಸಾಫ್ಟ್‌ಬಾಲ್‌ನ ಒಳಗೆಲಸ ನೋಡಿದರೆ ಹೋಲಿಕೆ ಇನ್ನೂ ಗಟ್ಟಿಯಾಗುತ್ತದೆ. ಚೆಂಡಿನ ಸುತ್ತಳತೆ 12 ಅಂಗುಲ. ಚೆಂಡು ಎಸೆಯುವ ಪಿಚರ್ ನಿಲ್ಲುವುದು ಹೋಮ್ ಪ್ಲೇಟಿನಿಂದ 43 ಅಡಿ ದೂರದಲ್ಲಿ. ಕೈಯನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಮಟ್ಟದಿಂದ ಎಸೆಯಬೇಕು. ಮೇಲ್ಮಟ್ಟದ ಪಿಚರ್‌ಗಳ ಚೆಂಡು ಗಂಟೆಗೆ 110 ಕಿಲೋಮೀಟರ್ ವೇಗ ಮುಟ್ಟುತ್ತದೆ. ಬ್ಯಾಟ್ ಹಿಡಿದವರಿಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಏರುವಂತೆ ಕಾಣುವ ರೈಸ್ ಬಾಲ್, ಕೊನೆಯ ಗಳಿಗೆಯಲ್ಲಿ ಕುಸಿಯುವ ಡ್ರಾಪ್ ಬಾಲ್, ಕೈ ಅದೇ ವೇಗದಲ್ಲಿ ತಿರುಗಿದರೂ ತಡವಾಗಿ ತಲುಪುವ ಚೇಂಜ್ ಅಪ್ ಎಂದು ಎಸೆತಗಳಲ್ಲಿ ಬಗೆಗಳಿವೆ. ಈಗ ಯಾವುದನ್ನು, ಪ್ಲೇಟಿನ ಯಾವ ಅಂಚಿಗೆ ಎಸೆಯಬೇಕು ಎಂಬುದನ್ನು ಹೆಚ್ಚಿನ ಕಾಲೇಜು ತಂಡಗಳಲ್ಲಿ ಪಿಚರ್ ತಾನಾಗಿ ನಿರ್ಧರಿಸುವುದಿಲ್ಲ. ಡಗೌಟಿನಿಂದ ಪಿಚಿಂಗ್ ಕೋಚ್ ಮೂರು ಅಂಕಿ ಕೂಗುತ್ತಾರೆ. ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ತನ್ನ ಮಣಿಕಟ್ಟಿಗೆ ಕಟ್ಟಿದ ಪುಟ್ಟ ಚೀಟಿಯಲ್ಲಿ ಆ ಅಂಕಿ ಹುಡುಕಿ ಎಸೆತ ಯಾವುದೆಂದು ತಿಳಿಯುತ್ತಾಳೆ. ಈಚೆಗೆ ಕಿವಿಗೆ ಹಾಕುವ ಸಾಧನವೂ ಬಂದಿದೆ. ಹೇಗೇ ಆದರೂ ಪ್ರತಿ ಎಸೆತಕ್ಕೆ ಒಂದು ತೀರ್ಮಾನ, ಒಂದೇ ಆಟದಲ್ಲಿ ನೂರಕ್ಕೂ ಹೆಚ್ಚು ತೀರ್ಮಾನ. ಅದೇ 2019ರ ಸೆಮಿಫೈನಲ್‌ನಲ್ಲಿ ಯುಸಿಎಲ್‌ಎಯ ರೇಚಲ್ ಗಾರ್ಸಿಯಾ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿರುದ್ಧ ಹತ್ತು ಇನಿಂಗ್ಸ್ ಎಸೆದು, 179 ಚೆಂಡು ಹಾಕಿ, ಒಂದು ರನ್ನನ್ನೂ ಕೊಡದೆ, ಕೊನೆಗೆ ತಾವೇ ಹೋಮ್ ರನ್ ಹೊಡೆದು ಆಟ ಮುಗಿಸಿದರು.

ಆ ಗಾರ್ಸಿಯಾಗೆ ಕಲಿಸಿದ ಬಳಗದಲ್ಲಿ ಫರ್ನಾಂಡಿಸ್ ಇದ್ದರು. ಅವರ ಆಟದ ದಿನಗಳ ಅಂಕಿಅಂಶ ಓದಿದರೆ ಇಂದಿಗೂ ದಿಗಿಲಾಗುತ್ತದೆ. ಯುಸಿಎಲ್‌ಎ ಪಿಚರ್ ಆಗಿ 93 ಗೆಲುವು, 7 ಸೋಲು. 1990 ಮತ್ತು 1992ರಲ್ಲಿ ರಾಷ್ಟ್ರೀಯ ಪ್ರಶಸ್ತಿ. 1993ರಲ್ಲಿ ಬ್ಯಾಟಿಂಗ್ ಸರಾಸರಿಯಲ್ಲೂ (.510) ಪಿಚಿಂಗ್‌ನಲ್ಲೂ (ಏಳು ಇನಿಂಗ್ಸ್‌ಗೆ ಸರಾಸರಿ 0.25 ರನ್) ಇಡೀ ದೇಶಕ್ಕೆ ಮೊದಲಿಗರು. ಅಟ್ಲಾಂಟಾ, ಸಿಡ್ನಿ, ಅಥೆನ್ಸ್ ಒಲಿಂಪಿಕ್ಸ್‌ಗಳಲ್ಲಿ ಚಿನ್ನ. ಇನ್ನೂ ಆಡುತ್ತಿದ್ದಾಗಲೇ ತಮ್ಮ ಕಾಲೇಜಿನ ಕೋಚ್ ಬಳಗ ಸೇರಿದವರು ಅಲ್ಲೇ ಉಳಿದರು. "ಇಂಥವರು ಇಷ್ಟು ವರ್ಷ ಸಹಾಯಕರಾಗಿಯೇ ಇರಬೇಕೆ?" ಎಂಬ ಮರುಕ ಅವರ ಹೆಸರಿನ ಹಿಂದೆ ನೆರಳಿನಂತೆ ಬಂದಿದೆ. ಇದೇ ಜನ ಇನ್ನೊಂದು ಗಾದೆಯನ್ನೂ ಹೇಳುತ್ತಾರೆ: ದೊಡ್ಡ ಆಟಗಾರರು ಒಳ್ಳೆಯ ಕೋಚ್‌ಗಳಾಗುವುದಿಲ್ಲ. ಎರಡನ್ನೂ ಕೂಡಿಸಿ ನೋಡಿ. ಮುಖ್ಯ ಕೋಚ್ ಆದರೆ ಅನುಮಾನ, ಆಗದಿದ್ದರೆ ಅನುಕಂಪ. ದೊಡ್ಡ ಆಟಗಾರ್ತಿಯೊಬ್ಬರು ಕಲಿಸುವ ಕೆಲಸವನ್ನೇ ಆರಿಸಿ ಅದರಲ್ಲೇ ದೊಡ್ಡವರಾಗಬಹುದು ಎಂಬುದಕ್ಕೆ ಈ ಎರಡರ ನಡುವೆ ಜಾಗವೇ ಇಲ್ಲ.

ಇಲ್ಲೊಂದು ಸಣ್ಣ ವಿವರ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುತ್ತದೆ. ಫರ್ನಾಂಡಿಸ್ ಯುಸಿಎಲ್‌ಎಗೆ ಆಡುತ್ತಿದ್ದಾಗ ಅವರ ಚೆಂಡು ಹಿಡಿಯುತ್ತಿದ್ದ ಕ್ಯಾಚರ್ ಬೇರಾರೂ ಅಲ್ಲ, ಇದೇ ಕೆಲ್ಲಿ ಇನೊಯೆ. ಅವರು 1994ರಿಂದ ಹದಿಮೂರು ಋತು ಸಹಾಯಕರಾಗಿದ್ದು 2007ರಲ್ಲಿ ಮುಖ್ಯ ಕೋಚ್ ಆದರು, 2010ರಲ್ಲಿ ಮೊದಲ ಪ್ರಶಸ್ತಿ ಗೆದ್ದರು. ಮೈದಾನದಲ್ಲಿ ಒಂಬತ್ತು ಜನರ ಪೈಕಿ ಎಂಟು ಜನ ಬ್ಯಾಟ್ ಹಿಡಿದವರ ಕಡೆ ಮುಖ ಮಾಡಿರುತ್ತಾರೆ. ಕ್ಯಾಚರ್ ಮಾತ್ರ ಇಡೀ ಮೈದಾನವನ್ನು ಎದುರಿಗಿಟ್ಟುಕೊಂಡು ಕೂರುತ್ತಾಳೆ. ಎಲ್ಲರನ್ನೂ ನೋಡಿಕೊಳ್ಳುವ ಕೆಲಸಕ್ಕೆ ಕ್ಯಾಚರ್ ಹೋದದ್ದು, ಒಬ್ಬರ ಮಣಿಕಟ್ಟು, ಒಬ್ಬರ ಹೆಜ್ಜೆ, ಒಬ್ಬರ ಉಸಿರನ್ನು ಹತ್ತಿರದಿಂದ ತಿದ್ದುವ ಕೆಲಸದಲ್ಲಿ ಪಿಚರ್ ಉಳಿದದ್ದು ಒಬ್ಬರ ಗೆಲುವು, ಇನ್ನೊಬ್ಬರ ಸೋಲು ಎಂದು ನನಗೆ ಅನ್ನಿಸುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಹಂಚಿಕೊಂಡ ಕೆಲಸವನ್ನೇ ಅವರು ಐವತ್ತರ ಆಸುಪಾಸಿನಲ್ಲೂ ಹಂಚಿಕೊಂಡಿದ್ದರು.

ವಾಕರ್ ಅವರದು ಬೇರೆ ಕಥೆ. ಮೊದಲು ಯುಸಿಎಲ್‌ಎಯಲ್ಲಿ ಸಹಾಯಕರು. 1995ರಿಂದ 2012ರವರೆಗೆ ಒರೆಗಾನ್ ಸ್ಟೇಟ್‌ನ ಮುಖ್ಯ ಕೋಚ್. 2006ರಲ್ಲಿ ಆ ತಂಡವನ್ನು ಕೊನೆಯ ಎಂಟರ ಕಣಕ್ಕೆ, ಅಂದರೆ ಮಹಿಳಾ ಕಾಲೇಜು ವರ್ಲ್ಡ್ ಸೀರೀಸ್‌ಗೆ ಕರೆತಂದರು. ಆಮೇಲೆ ಮತ್ತೆ ಯುಸಿಎಲ್‌ಎಗೆ, ಮತ್ತೆ ಸಹಾಯಕರಾಗಿ. ಮೆಟ್ಟಿಲಿನ ಲೆಕ್ಕದಲ್ಲಿ ಇದು ಇಳಿತ. ಮೈದಾನದ ಲೆಕ್ಕವೇ ಬೇರೆ. ಪ್ರಯಾಣ, ಬಜೆಟ್, ಹೊಸ ಆಟಗಾರ್ತಿಯರ ಹುಡುಕಾಟ, ತಂದೆತಾಯಿಯರ ಫೋನ್ ಕರೆ, ಪರೀಕ್ಷೆಯ ಅಂಕ ಇವೆಲ್ಲ ಸೇರಿ ಮುಖ್ಯ ಕೋಚ್‌ನ ದಿನವನ್ನು ಹೇಗೆ ತಿಂದುಹಾಕುತ್ತವೆ ಎಂದು ಹದಿನೆಂಟು ವರ್ಷ ಅನುಭವಿಸಿದ ಒಬ್ಬರು ಪಕ್ಕದಲ್ಲಿ ಕೂತಿರುವುದು ಯಾವ ಮುಖ್ಯ ಕೋಚ್‌ಗೂ ಭಾಗ್ಯ. ಇಂಥವರನ್ನು ಬರಮಾಡಿಕೊಂಡ ಕಾಲೇಜು ಆರು ಋತುಗಳ ನಂತರ ಪ್ರಶಸ್ತಿ ಗೆದ್ದಿತು. ಅದು ಅವರೊಬ್ಬರಿಂದ ಎಂದು ನಾನು ಹೇಳಲಾರೆ. ಅವರು ಹಿಂದೆ ಬಿದ್ದವರು ಎಂದು ಹೇಳುವವರಿಗೆ ಮಾತ್ರ ಆ ಪ್ರಶಸ್ತಿಯೇ ಉತ್ತರ.

ಇನ್ನು ರೋಚಾ. ನನ್ನ ವಾದದ ಬೆನ್ನೆಲುಬು ಇವರೇ.

ಒಕ್ಲಹೋಮದ ಮುಖ್ಯ ಕೋಚ್ ಪ್ಯಾಟಿ ಗ್ಯಾಸೊ ಅವರ ಹಿರಿಮೆಯನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಲಾಂಗ್ ಬೀಚ್ ಸಿಟಿ ಕಾಲೇಜಿನಿಂದ 1995ರ ಋತುವಿಗೆ ಒಕ್ಲಹೋಮಕ್ಕೆ ಬಂದಾಗ ಅವರ ತಂಡಕ್ಕೆ ಕ್ಯಾಂಪಸ್ಸಿನಲ್ಲಿ ಸ್ವಂತ ಮೈದಾನವೂ ಇರಲಿಲ್ಲ, ನಾರ್ಮನ್ ಊರಿನ ಸಾರ್ವಜನಿಕ ಉದ್ಯಾನದಲ್ಲಿ ಆಡುತ್ತಿದ್ದರು. ಅಲ್ಲಿಂದ ಹೊರಟು ಎಂಟು ರಾಷ್ಟ್ರೀಯ ಪ್ರಶಸ್ತಿ, ಅದರಲ್ಲಿ 2021ರಿಂದ 2024ರವರೆಗೆ ಸತತ ನಾಲ್ಕು. ಅಂಥ ನಾಲ್ಕನ್ನು ಅವರಿಗಿಂತ ಮೊದಲು ಯಾರೂ ಗೆದ್ದಿರಲಿಲ್ಲ. 2023ರಲ್ಲಿ ತಂಡ 61 ಪಂದ್ಯ ಗೆದ್ದು ಒಂದೇ ಒಂದು ಸೋತಿತು.

2000ದಲ್ಲಿ ಗ್ಯಾಸೊ ಮೊದಲ ಪ್ರಶಸ್ತಿ ಗೆದ್ದಾಗ ಅವರ ಸಹಾಯಕರಲ್ಲಿ ಟಿಮ್ ವಾಲ್ಟನ್ ಒಬ್ಬರು. ಒಕ್ಲಹೋಮಕ್ಕೆ ಬೇಸ್‌ಬಾಲ್ ಆಡಿದ್ದ ವಾಲ್ಟನ್ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಿದರು. ವಿಚಿಟಾ ಸ್ಟೇಟ್‌ನಲ್ಲಿ ಮುಖ್ಯ ಕೋಚ್, 2006ರಿಂದ ಫ್ಲಾರಿಡಾದಲ್ಲಿ ಮುಖ್ಯ ಕೋಚ್, 2014 ಮತ್ತು 2015ರಲ್ಲಿ ಪ್ರಶಸ್ತಿ. ಫ್ಲಾರಿಡಾದಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ಅವರ ಪಿಚಿಂಗ್ ಕೋಚ್ ಆಗಿದ್ದವರು ರೋಚಾ, ತಾವೂ ಒಕ್ಲಹೋಮಕ್ಕೆ ಪಿಚರ್ ಆಗಿ ಆಡಿದವರು. 2018ರ ಬೇಸಿಗೆಯಲ್ಲಿ ಅವರು ಗ್ಯಾಸೊ ಬಳಗಕ್ಕೆ ಹೋದರು, ಅದೇ ಕೆಲಸಕ್ಕೆ. ಮೆಟ್ಟಿಲು ನಂಬಿದವರ ಕಣ್ಣಿಗೆ ಇದು ಪಕ್ಕಕ್ಕೆ ಸರಿದ ಹೆಜ್ಜೆ, ಮುಂದಿಟ್ಟದ್ದಲ್ಲ.

ಈಗ ಎರಡು ವಿಶ್ವವಿದ್ಯಾಲಯಗಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. 2014ರ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ್ತಿ ಫ್ಲಾರಿಡಾದ ಹ್ಯಾನಾ ರಾಜರ್ಸ್, ಪಿಚರ್. 2015ರದು ಫ್ಲಾರಿಡಾದ ಲಾರೆನ್ ಹೇಗರ್, ಪಿಚರ್ ಹಾಗೂ ಹೊಡೆತಗಾರ್ತಿ. 2021ರದು ಒಕ್ಲಹೋಮದ ಜಿಸೆಲ್ ಹ್ವಾರೆಜ್, ಎಡಗೈ ಪಿಚರ್. 2023ರದು ಜಾರ್ಡಿ ಬಾಲ್, ಬಲಗೈ ಪಿಚರ್. 2024ರದು ಕೆಲ್ಲಿ ಮ್ಯಾಕ್ಸ್‌ವೆಲ್, ಅದೇ ರಾಜ್ಯದ ಎದುರಾಳಿ ಒಕ್ಲಹೋಮ ಸ್ಟೇಟ್‌ನಿಂದ ಒಂದೇ ಋತುವಿಗೆ ಬಂದ ಎಡಗೈ ಪಿಚರ್. ರೋಚಾ ಪಿಚಿಂಗ್ ಕೋಚ್ ಆಗಿ ಗೆದ್ದ ಆರು ಪ್ರಶಸ್ತಿಗಳ ಪೈಕಿ ಐದರಲ್ಲಿ ಅವರ ಕೈಕೆಳಗಿನ ಪಿಚರ್‌ಗೇ ಆ ಗೌರವ ಸಂದಿದೆ. ಆರನೆಯದು, 2022ರದು, ಒಕ್ಲಹೋಮದ ಹೊಡೆತಗಾರ್ತಿ ಜಾಸ್ಲಿನ್ ಆಲೊ ಪಾಲಾಯಿತು. ಆ ವರ್ಷದ ಪಿಚರ್‌ಗಳಲ್ಲಿ ಹೋಪ್ ಟ್ರೌಟ್‌ವೈನ್ ಒಬ್ಬರು. ಅವರು ನಾರ್ತ್ ಟೆಕ್ಸಸ್‌ಗೆ ಆಡುತ್ತಿದ್ದಾಗ ಒಂದೇ ಪಂದ್ಯದ ಇಪ್ಪತ್ತೊಂದು ಬ್ಯಾಟರ್‌ಗಳಿಗೂ ಚೆಂಡು ಆಡಲು ಬಿಡದೆ ಔಟ್ ಮಾಡಿದವರು.

ಒಬ್ಬರೇ ಗುರುವಿನ ಕೈಯಲ್ಲಿ ಒಂದೇ ಅಚ್ಚಿನ ಪಿಚರ್‌ಗಳು ಸಾಲಾಗಿ ಬಂದಿದ್ದರೆ "ಅದೃಷ್ಟಕ್ಕೆ ಒಂದು ಸೂತ್ರ ಸಿಕ್ಕಿತು" ಎನ್ನಬಹುದಿತ್ತು. ಇಲ್ಲಿ ಎಡಗೈ, ಬಲಗೈ, ಹೊಸಬರು, ಬೇರೆಡೆ ಪಳಗಿ ಬಂದವರು ಎಲ್ಲರೂ ಇದ್ದಾರೆ. ಒಂದು ವರ್ಷಕ್ಕೆ ಬಂದವಳ ಎಸೆತ ಕೆಡಿಸದೆ ಅದಕ್ಕೆ ಬೇಕಾದ್ದನ್ನಷ್ಟೇ ಸೇರಿಸುವುದು, ಬಾಲ್ಯದಿಂದ ಇನ್ನೊಬ್ಬರ ಹತ್ತಿರ ಕಲಿತವಳ ಕೈಗೆ ತನ್ನ ಅಚ್ಚು ಒತ್ತದಿರುವುದು ಸುಲಭದ ವಿದ್ಯೆಯಲ್ಲ. ಇಷ್ಟೆಲ್ಲ ಇದ್ದೂ ವಾಲ್ಟನ್ ವೃತ್ತಿ ಪೂರ್ಣ, ರೋಚಾ ವೃತ್ತಿ ಅರ್ಧ ಎಂದು ಓದುವ ಕಣ್ಣು ಯಾವುದನ್ನು ನೋಡುತ್ತಿದೆ?

ಇದಕ್ಕೆ ಬರುವ ಮೊದಲ ಆಕ್ಷೇಪ, ಒಕ್ಲಹೋಮಕ್ಕೆ ದೇಶದ ಒಳ್ಳೊಳ್ಳೆಯ ಪಿಚರ್‌ಗಳು ತಾವಾಗಿ ಬರುತ್ತಾರೆ ಎಂಬುದು. ನಿಜ, ಬರುತ್ತಾರೆ. ಆದರೆ 2021ರ ನಂತರ ಆಟಗಾರ್ತಿಯರು ಕಾಲೇಜು ಬದಲಿಸುವುದು ಸಲೀಸಾಗಿದೆ, ತಮ್ಮ ಹೆಸರಿನ ಮೇಲೆ ಹಣ ಗಳಿಸುವ ಹಕ್ಕೂ ಬಂದಿದೆ. 2024ರಲ್ಲಿ ನಿಜಾರಿ ಕ್ಯಾನಡಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಸ್ ಟೆಕ್ ಸೇರಿದ್ದು ಸುಮಾರು 10 ಲಕ್ಷ ಡಾಲರ್ ಒಪ್ಪಂದದೊಂದಿಗೆ. ಇಂಥ ಕಾಲದಲ್ಲಿ ಮುಖ್ಯ ಕೋಚ್ ಹೆಚ್ಚು ಹೆಚ್ಚು ಸಂಸ್ಥೆ ನಡೆಸುವವರಾಗುತ್ತಿದ್ದಾರೆ. ಋತುವಿನಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ಅಭ್ಯಾಸ ಮಾಡಿಸಬಹುದೆಂಬ ನಿಯಮವಿದೆ. ಆ ಇಪ್ಪತ್ತು ಗಂಟೆಗಳಲ್ಲಿ ಪಿಚರ್ ಪಕ್ಕ ನಿಂತು ಹೆಬ್ಬೆರಳು ಎಲ್ಲಿರಬೇಕೆಂದು ತೋರಿಸುವವರು ಸಹಾಯಕರೇ. ಪ್ರತಿಭೆ ಕೊಳ್ಳುವುದು ಸುಲಭವಾದಷ್ಟೂ ಅದನ್ನು ತಿದ್ದುವವರ ಬೆಲೆ ಏರಬೇಕು.

ಎರಡನೆಯದು ಸ್ವಜನಪಕ್ಷಪಾತದ ಆಕ್ಷೇಪ. ಪ್ಯಾಟಿ ಗ್ಯಾಸೊ ಅವರ ಬ್ಯಾಟಿಂಗ್ ಕೋಚ್ ಬೇರಾರೂ ಅಲ್ಲ, ಅವರ ಮಗ ಜೆ.ಟಿ. ಗ್ಯಾಸೊ. ಅನುಮಾನ ಪಡುವವರನ್ನು ನಾನು ದೂರುವುದಿಲ್ಲ. ತಾಯಿಯ ನೆರಳಲ್ಲಿ ಮಗನಿಗೆ ಸಿಗುವ ಬಾಗಿಲು ಉಳಿದವರಿಗೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಆದರೆ ಒಳಗೆ ಬಂದ ಮೇಲೆ ಅಳತೆಗೋಲು ಎಲ್ಲರಿಗೂ ಒಂದೇ ಇರಲಿ. 2021ರಲ್ಲಿ ಆ ತಂಡ ಒಂದೇ ಋತುವಿನಲ್ಲಿ 161 ಹೋಮ್ ರನ್ ಹೊಡೆದು ಎನ್‌ಸಿಎಎ ದಾಖಲೆ ಮಾಡಿತು. ಆಲೊ 122 ಹೋಮ್ ರನ್‌ಗಳೊಂದಿಗೆ ವೃತ್ತಿ ದಾಖಲೆ ಬರೆದರು. ಅವರಿಗಿಂತ ಮೊದಲು ಆ ದಾಖಲೆ ಹೊಂದಿದ್ದ ಲಾರೆನ್ ಚೇಂಬರ್ಲೇನ್ ಕೂಡ ಒಕ್ಲಹೋಮದವರೇ, 95 ಹೊಡೆದಿದ್ದರು.

ಮೂರನೆಯ ಆಕ್ಷೇಪವೇ ಭಾರದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಶಿಕ್ಷಣದಲ್ಲಿ ಲಿಂಗತಾರತಮ್ಯ ನಿಷೇಧಿಸುವ 'ಟೈಟಲ್ ನೈನ್' ಕಾನೂನು ಬಂದ 1972ರಲ್ಲಿ ಅಮೆರಿಕದ ಕಾಲೇಜು ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ಮಹಿಳೆಯರೇ ಮುಖ್ಯ ಕೋಚ್‌ಗಳಾಗಿದ್ದರು. ವಿವಿಯನ್ ಅಕೋಸ್ಟಾ ಮತ್ತು ಲಿಂಡಾ ಕಾರ್ಪೆಂಟರ್ ದಶಕಗಳ ಕಾಲ ಇಟ್ಟ ಲೆಕ್ಕದ ಪ್ರಕಾರ 2014ರ ಹೊತ್ತಿಗೆ ಅದು 43ರ ಆಸುಪಾಸಿಗೆ ಇಳಿದಿತ್ತು. ಹಣ ಬಂತು, ಸಂಬಳ ಬಂತು, ಗಂಡಸರು ಬಂದರು. ಹೀಗಿರುವಾಗ "ಸಹಾಯಕರ ಹುದ್ದೆಯೂ ದೊಡ್ಡದೇ" ಎಂದು ಮಹಿಳೆಯರಿಗೆ ಹೇಳುವುದು ಅವರನ್ನು ಅಲ್ಲೇ ಕೂರಿಸುವ ಉಪಾಯವಾಗುವುದಿಲ್ಲವೇ?

ಆಗಬಹುದು. ಅದಕ್ಕೇ ನನ್ನ ಮಾತು ಬರೀ ಹೊಗಳಿಕೆಗೆ ನಿಲ್ಲುವುದಿಲ್ಲ, ಹಣಕ್ಕೂ ಹುದ್ದೆಯ ಸ್ವರೂಪಕ್ಕೂ ಬರುತ್ತದೆ. 2023ರವರೆಗೂ ಮೇಲ್ದರ್ಜೆಯ ಕಾಲೇಜು ಸಾಫ್ಟ್‌ಬಾಲ್ ತಂಡ ಇಬ್ಬರು ಸಹಾಯಕರಿಗೆ ಮಾತ್ರ ಸಂಬಳ ಕೊಡಬಹುದಿತ್ತು. ಮೂರನೆಯವರಿಗೆ 'ಸ್ವಯಂಸೇವಕ ಕೋಚ್' ಎಂದು ಹೆಸರು. ದಿನವಿಡೀ ದುಡಿಮೆ, ಸಂಬಳವಿಲ್ಲ. ಬೇಸಿಗೆ ಶಿಬಿರ, ಖಾಸಗಿ ಪಾಠಗಳಿಂದ ಹೊಟ್ಟೆ ಹೊರೆಯಬೇಕು. ಇದು ಕಂಪನಿಗಳು ಕೂಡಿ ಕೂಲಿ ಇಳಿಸಿದಂತೆ ಎಂದು ಇದೇ ನಿಯಮಕ್ಕೆ ಒಳಪಟ್ಟಿದ್ದ ಬೇಸ್‌ಬಾಲ್‌ನ ಸ್ವಯಂಸೇವಕ ಕೋಚ್‌ಗಳು ನ್ಯಾಯಾಲಯಕ್ಕೆ ಹೋದರು. 2023ರಲ್ಲಿ ಎನ್‌ಸಿಎಎ ಆ ವರ್ಗವನ್ನೇ ರದ್ದುಮಾಡಿ ಮೂರನೆಯ ಸಹಾಯಕರಿಗೂ ಸಂಬಳ ಕೊಡಲು ಬಿಟ್ಟಿತು. ಅಷ್ಟರಲ್ಲಿ ಗ್ಯಾಸೊ ಅವರ ವಾರ್ಷಿಕ ಸಂಬಳ 10 ಲಕ್ಷ ಡಾಲರ್ ದಾಟಿತ್ತು. ಅದು ಅವರಿಗೆ ಸಲ್ಲಬೇಕಾದ್ದೇ. ಅದೇ ಕ್ರೀಡೆಯಲ್ಲಿ ಅದೇ ಮಟ್ಟದಲ್ಲಿ ಮತ್ತೊಬ್ಬ ಕೋಚ್‌ಗೆ ಬಿಡಿಗಾಸೂ ಇಲ್ಲದಂತೆ ನಿಯಮವೇ ತಡೆದಿದ್ದು ಮಾತ್ರ ಅನ್ಯಾಯ. 'ಮೆಟ್ಟಿಲು' ಎಂಬ ಕಲ್ಪನೆ ಆ ಅನ್ಯಾಯಕ್ಕೆ ನೆಪ ಒದಗಿಸಿತು. ಇವತ್ತು ಸಂಬಳವಿಲ್ಲದಿದ್ದರೇನು, ನಾಳೆ ಮುಖ್ಯ ಕೋಚ್ ಆಗುತ್ತೀರಲ್ಲ ಎಂಬ ಆಸೆ ತೋರಿಸಿ ವರ್ಷಗಟ್ಟಲೆ ದುಡಿಸಿಕೊಂಡರು. ಮೇಲಿನ ಹುದ್ದೆಗಳು ಕೆಲವೇ, ಕಾಯುವವರು ಸಾವಿರಾರು.

ಬೇರೆ ದಾರಿಯೇ ಇರಲಿಲ್ಲವೇ ಎಂದರೆ, ಇತ್ತು, ಯುಸಿಎಲ್‌ಎಯಲ್ಲೇ ಇತ್ತು. ಶರಾನ್ ಬ್ಯಾಕಸ್ ಮತ್ತು ಸೂ ಎನ್‌ಕ್ವಿಸ್ಟ್ 1989ರಿಂದ 1996ರವರೆಗೆ ಜಂಟಿ ಮುಖ್ಯ ಕೋಚ್‌ಗಳಾಗಿದ್ದರು. ಎನ್‌ಕ್ವಿಸ್ಟ್ 1978ರಲ್ಲಿ ಬ್ಯಾಕಸ್ ಕೈಕೆಳಗೆ ಆಡಿ ಪ್ರಶಸ್ತಿ ಗೆದ್ದವರು, ಆಮೇಲೆ ಅವರ ಸಹಾಯಕರು, ಕೊನೆಗೆ ಸರಿಸಮಾನರು. ಇಬ್ಬರೂ ಕೂಡಿದ್ದಾಗ 1989, 1990, 1992ರಲ್ಲಿ ತಂಡ ಗೆದ್ದಿತು. ಇನೊಯೆ, ಫರ್ನಾಂಡಿಸ್ ಆಡಿ ಬೆಳೆದದ್ದು ಇದೇ ಇಬ್ಬರ ನೆರಳಲ್ಲಿ. ಅಧಿಕಾರ ಹಂಚಿಕೊಂಡರೆ ಆಟ ಕೆಡುತ್ತದೆ ಎಂಬ ಭಯಕ್ಕೆ ಅವರು ಕಣ್ಣಾರೆ ಉತ್ತರ ಕಂಡಿದ್ದರು.

ಮಿಷಿಗನ್‌ನ ಬಾನಿ ಥಾಲ್ ಅವರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅವರ ಜೀವನದಲ್ಲಿ ಮೆಟ್ಟಿಲಿನವರು ತಮ್ಮ ವಾದಕ್ಕೇ ಗೆಲುವು ಎನ್ನಬಹುದು. ಅವರು ಮಿಷಿಗನ್‌ಗೇ ಆಡಿ, ಕ್ಯಾರಲ್ ಹಚಿನ್ಸ್ ಪಕ್ಕದಲ್ಲಿ ಸುಮಾರು ಮೂರು ದಶಕ ಸಹಾಯಕರಾಗಿದ್ದರು. ಹಚಿನ್ಸ್ ಸಣ್ಣವರಲ್ಲ. 1979ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗಲೇ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಗುತ್ತಿದ್ದ ತಾರತಮ್ಯದ ವಿರುದ್ಧ ತಮ್ಮ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದವರು, 1985ರಿಂದ 2022ರವರೆಗೆ ಮಿಷಿಗನ್ ನಡೆಸಿದವರು. 2005ರಲ್ಲಿ ಅವರ ತಂಡ ಪ್ರಶಸ್ತಿ ಗೆದ್ದಾಗ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಆ ಕಿರೀಟ ಮೊದಲ ಬಾರಿ ಹೋಯಿತು. ಅವರು ನಿವೃತ್ತರಾದಾಗ ಹೆಸರಿನ ಮುಂದೆ 1,707 ಗೆಲುವು, ಈ ಕ್ರೀಡೆಯಲ್ಲಿ ಅಲ್ಲಿಯವರೆಗೆ ಯಾರಿಗೂ ಇಲ್ಲದಷ್ಟು. 2022ರ ಆಗಸ್ಟ್‌ನಲ್ಲಿ ಥಾಲ್ ಮುಖ್ಯ ಕೋಚ್ ಆದರು. "ನೋಡಿ, ಕಾದದ್ದಕ್ಕೆ ಫಲ ಸಿಕ್ಕಿತು" ಎಂದು ಆಗ ಹಲವರು ಸಂತೋಷಪಟ್ಟಿರಬೇಕು.

ಆ 1,707ರಲ್ಲಿ ಬಹುಪಾಲು ಗೆಲುವುಗಳು ಬಂದ ದಿನ ಥಾಲ್ ಅದೇ ಡಗೌಟಿನಲ್ಲಿದ್ದರು. ಅದೇ ಬಸ್ಸಿನಲ್ಲಿ ಬಂದು, ಅದೇ ಚಳಿಯಲ್ಲಿ ನಿಂತು, ಅದೇ ಹುಡುಗಿಯರಿಗೆ ಅದೇ ನೆಲದ ಚೆಂಡುಗಳನ್ನು ಸಾವಿರಾರು ಬಾರಿ ಹೊಡೆದುಕೊಟ್ಟಿದ್ದರು. 2023ರ ಫೆಬ್ರವರಿಯಲ್ಲಿ ಮಿಷಿಗನ್ ಋತುವಿನ ಮೊದಲ ಪಂದ್ಯಕ್ಕೆ ಮೈದಾನಕ್ಕಿಳಿದಾಗ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು: ಗೆಲುವು 0, ಸೋಲು 0.